ಕಾಯಕದ ಮನೆಗೆ ಹಳೆಯ ಕಲ್ಲು



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರು ನಮ್ಮ ನಾಡಿನಲ್ಲಿ ಇಲ್ಲ. ಇವೆರಡರಲ್ಲಿಯೂ ಕೈಯಲ್ಲಿದ್ದ ಹಣ ಎಲ್ಲಿ ಹೋಯಿತೆಂಬುದು ಕೆಲಸ ಮುಗಿದ ಮೇಲೆಯೇ ತಿಳಿಯುವುದು. ಆದರೆ ಇಂದು ನಾವು ಹೇಳಹೊರಟಿರುವುದು ವಾಸದ ಮನೆಯ ವಿಚಾರವಲ್ಲ. ಆ ಮನೆಯ ಪಕ್ಕದಲ್ಲಿ, ದನದ ಕೊಟ್ಟಿಗೆಗೂ ಅಡಿಕೆ ಒಣಗಿಸುವ ಅಂಗಳಕ್ಕೂ ನಡುವೆ, ಹತ್ತು ಹನ್ನೆರಡು ಅಡಿ ಅಗಲದಲ್ಲಿ ಎದ್ದು ನಿಲ್ಲಬೇಕಾದ ಕೆಲಸದ ಕೊಠಡಿಯ ವಿಚಾರ. ಅದರಲ್ಲಿಯೂ ಅದರ ಅಡಿಪಾಯದ ವಿಚಾರ. ಧರ್ಮದ ಅಂಕಣದಲ್ಲಿ ಕಲ್ಲುಮಣ್ಣಿನ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಹಗ್ಗ ಹೊಸೆದ ನುಲಿಯ ಚಂದಯ್ಯ, ಬಿದಿರು ಸೀಳಿ ಬುಟ್ಟಿ ಹೆಣೆದ ಮೇದಾರ ಕೇತಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಯ್ಯ ಇವರನ್ನು ಶರಣರೆಂದು ನೆನೆಯುವ ನಮಗೆ, ಕೆಲಸ ಮಾಡುವ ಜಾಗದ ಮಾತು ಧರ್ಮದ ಹೊರಗಿನದಾಗಲು ಸಾಧ್ಯವಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮನೆಯೇ ಕೆಲಸದ ಮನೆಯೂ ಆಗಿದ್ದ ಕಾಲ ಬಹಳ ಹಿಂದಿನದೇನಲ್ಲ. ಸಾಗರ ಮತ್ತು ಸೊರಬದ ಗುಡಿಗಾರರು ಗಂಧದ ಕೆತ್ತನೆಯನ್ನು ಕಲಿತದ್ದು ತಮ್ಮ ಮನೆಯ ಜಗಲಿಯಲ್ಲಿ, ತಂದೆಯ ಪಕ್ಕದಲ್ಲಿ ಕುಳಿತು. ಕಮ್ಮಾರನ ಕುಲುಮೆ ಅವನ ಅಂಗಳದಲ್ಲಿಯೇ ಇತ್ತು. ಈಗ ಬೇಕಾಗಿರುವ ಕೆಲಸಗಳು ಬೇರೆ. ಅಡಿಕೆ ಸುಲಿಯುವ ಯಂತ್ರ, ಪಂಪುಸೆಟ್ಟು, ಔಷಧಿ ಸಿಂಪಡಿಸುವ ಮೋಟಾರು, ಕಳೆ ಕೊಚ್ಚುವ ಯಂತ್ರ ಇವು ಮನೆಮನೆಗೂ ಬಂದಿವೆ. ಕೆಟ್ಟರೆ ರಿಪೇರಿಗೆ ಪೇಟೆಗೆ ಹೊರಬೇಕು. ಐಟಿಐ ಓದಿದ ಹುಡುಗರು ನಮ್ಮ ಹಳ್ಳಿಗಳಲ್ಲಿಯೇ ಇದ್ದಾರೆ. ಹಾಳೆತಟ್ಟೆ ಒತ್ತುವ, ಬಟ್ಟೆ ಹೊಲಿಯುವ ಹೆಣ್ಣುಮಕ್ಕಳಿದ್ದಾರೆ. ಇಲ್ಲದಿರುವುದು ನಾಲ್ಕು ಗೋಡೆ.

ಹುಡುಗನೊಬ್ಬ ಕೊಠಡಿ ಕಟ್ಟಬೇಕೆಂದು ಗುತ್ತಿಗೆದಾರನನ್ನು ಕರೆಯುತ್ತಾನೆ. ಅವನು ಒಂದು ಮೊತ್ತ ಹೇಳುತ್ತಾನೆ. ಆ ಮೊತ್ತ ಕೇಳಿದ ಹುಡುಗ ಮರುವಾರವೇ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಅದೇ ಮನೆಯಲ್ಲಿ, ಅದೇ ವರ್ಷ, ಅಜ್ಜನ ಕಾಲದ ಹಿಂದಿನ ಅಂಕಣ ಕುಸಿಯಿತೆಂದು ಅದರ ಕಂಬ, ಬಾಗಿಲು, ತೊಲೆಗಳನ್ನು ಹಳೆಯ ಸಾಮಾನಿನ ವ್ಯಾಪಾರಿಗೆ ಕೊಟ್ಟು, ಕಲ್ಲನ್ನು ರಸ್ತೆಯ ಗುಂಡಿ ತುಂಬಲು ಒಯ್ಯಿರೆಂದು ಬಿಟ್ಟುಬಿಡುತ್ತಾರೆ. ಕಟ್ಟಲು ಕಲ್ಲಿಲ್ಲವೆಂದು ಮಗನನ್ನು ಕಳಿಸಿದವರೂ ಅವರೇ, ಕಲ್ಲು ಬೇಡವೆಂದು ಹೊರಹಾಕಿದವರೂ ಅವರೇ. ಇದನ್ನು ನಾವು ಒಂದು ಮನೆಯಲ್ಲಿ ಕಂಡದ್ದಲ್ಲ, ಅನೇಕ ಮನೆಗಳಲ್ಲಿ ಕಂಡದ್ದು. ಕಾರಣ ಕೇಳಿದರೆ, ಹಳೆಯ ಕಲ್ಲಿನಲ್ಲಿ ಕಟ್ಟಿದರೆ ನೋಡಿದವರು ಏನೆಂದಾರು ಎಂಬ ಸಂಕೋಚ.

ಈ ಸಂಕೋಚ ಯಾರಿಗೆ ಬಂದರೂ ನಮ್ಮ ಸೀಮೆಯವರಿಗೆ ಬರಬಾರದಾಗಿತ್ತು. ಏಕೆಂದರೆ ಶರಾವತಿಯ ದಂಡೆಯ ಜನ ಒಂದು ತಲೆಮಾರಿನೊಳಗೆ ಎರಡು ಬಾರಿ ಮನೆ ಬಿಚ್ಚಿ ಹೊತ್ತವರು. ಜೋಗದ ವಿದ್ಯುದಾಗಾರಕ್ಕಾಗಿ ಮಡೇನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರ ಸುಮಾರಿಗೆ ನೀರು ನಿಲ್ಲಿಸಿತು. ಅನಂತರ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಆ ಹಳೆಯ ಅಣೆಕಟ್ಟೆಯೇ ನೀರಿನೊಳಗೆ ಹೋಯಿತು. 1819 ಅಡಿ ಎಂಬ ಅಂಕೆ ಸಾಗರ ಹೊಸನಗರಗಳ ಹಿರಿಯರಿಗೆ ಬಾಯಿಪಾಠ. ಜಲಾಶಯ ತುಂಬಿದಾಗಿನ ಮಟ್ಟ ಅದು. ಆ ಗೆರೆಯ ಕೆಳಗಿದ್ದ ಊರುಗಳ ಜನ ತಮ್ಮ ಮನೆಗಳ ಹೆಂಚು ಇಳಿಸಿದರು, ಪಕಾಸಿ ತೊಲೆ ಬಿಡಿಸಿದರು, ಬಾಗಿಲನ್ನು ಚೌಕಟ್ಟಿನ ಸಹಿತ ಕಿತ್ತರು. ಗಾಡಿಯಲ್ಲಿಯೂ ಲಾರಿಯಲ್ಲಿಯೂ ಹೇರಿಕೊಂಡು ಎಲ್ಲಿ ಜಾಗ ತೋರಿಸಿದರೋ ಅಲ್ಲಿ ಇಳಿದು, ಆ ಸಾಮಾನಿನಲ್ಲಿಯೇ ಮತ್ತೆ ಮಾಡು ಎಬ್ಬಿಸಿದರು. ಹಳೆಯ ಬಾಗಿಲಿನಿಂದ ಅವರ ಮರ್ಯಾದೆಗೆ ಕುಂದು ಬರಲಿಲ್ಲ. ಅವರು ತರಲಾಗದೆ ಹೋದದ್ದು ಒಂದೇ, ಅಡಿಪಾಯ. ಅದನ್ನು ಹೊಸ ಜಾಗದಲ್ಲಿ ಹೊಸದಾಗಿಯೇ ಅಗೆಯಬೇಕಾಯಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಮಡೇನೂರಿನ ಅಣೆಕಟ್ಟೆ ಇಂದಿಗೂ ತಲೆಯೆತ್ತುತ್ತದೆ. ನೋಡಲು ಜನ ಹೋಗುತ್ತಾರೆ. ಹದಿನಾರು ವರ್ಷ ದುಡಿದು ದಶಕಗಳ ಕಾಲ ನೀರಿನಲ್ಲಿ ಮುಳುಗಿದ್ದರೂ ಅದರ ಕಲ್ಲು ಕದಲಿಲ್ಲ.

ನಮ್ಮ ಜಂಬಿಟ್ಟಿಗೆಯ ಗುಣವನ್ನು ಇಲ್ಲಿ ಹೇಳಬೇಕು. ಕರಾವಳಿಯವರು ಮುರಕಲ್ಲು, ಚಿರೆಕಲ್ಲು ಎನ್ನುವುದೂ ಇದನ್ನೇ. ನೆಲದೊಳಗಿದ್ದಾಗ ಕೊಡಲಿಯಲ್ಲಿ ಕಡಿಯುವಷ್ಟು ಮೃದು. ಹೊರಗೆ ತೆಗೆದು ಗಾಳಿಗೆ ಇಟ್ಟರೆ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ. ಟಿಪ್ಪುವಿನ ಪತನದ ನಂತರ, 1800–1801ರಲ್ಲಿ ಮೈಸೂರು, ಮಲಬಾರು, ಕೆನರಾ ಪ್ರದೇಶಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ಕಲ್ಲನ್ನು ಮಲಬಾರಿನಲ್ಲಿ ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟು 1807ರ ತನ್ನ ಪುಸ್ತಕದಲ್ಲಿ ಬರೆದ. ಇಟ್ಟಿಗೆ ಎಂಬ ಮಾತು ನಮ್ಮ ಜಂಬಿಟ್ಟಿಗೆಯಲ್ಲಿಯೂ ಇದೆಯಲ್ಲ! ಹೀಗಿರುವಾಗ ಐವತ್ತು ವರ್ಷ ಗೋಡೆಯಲ್ಲಿದ್ದ ಒಳ್ಳೆಯ ಜಂಬಿಟ್ಟಿಗೆ ನಿನ್ನೆ ಗಣಿಯಿಂದ ಬಂದ ಹಸಿ ಕಲ್ಲಿಗಿಂತ ಕೀಳಲ್ಲ, ಅನೇಕ ವೇಳೆ ಮೇಲು. ತಿರುವನಂತಪುರದಲ್ಲಿ ನೆಲೆಸಿ ಸಾವಿರಾರು ಜನರಿಗೆ ಕಡಿಮೆ ಖರ್ಚಿನ ಮನೆ ಕಟ್ಟುವ ದಾರಿ ತೋರಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಕೆಡವಿದ ಮನೆಗಳ ಬಾಗಿಲು ಕಿಟಕಿಗಳನ್ನು ಹುಡುಕಿ ತಂದು ಹೊಸ ಗೋಡೆಗೆ ಕೂರಿಸುತ್ತಿದ್ದರು. ಹತ್ತಿರ ಸಿಗುವ ಸಾಮಾನಿನಲ್ಲಿ ಕಟ್ಟಬೇಕೆಂಬುದನ್ನು ಅವರು ಗಾಂಧೀಜಿಯವರಿಂದ ಕಲಿತೆನೆಂದು ಹೇಳಿಕೊಳ್ಳುತ್ತಿದ್ದರು.

ಆದರೆ ಹಳೆಯದೆಲ್ಲ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಅಜ್ಜನ ಮನೆಯ ಕಲ್ಲೆಂದು ಕಣ್ಣಿಗೊತ್ತಿಕೊಂಡರೆ ಸಾಲದು, ಸುತ್ತಿಗೆಯ ಹಿಂಬದಿಯಿಂದ ತಟ್ಟಿ ಕೇಳಬೇಕು. ಖಣಿಲ್ ಎಂದರೆ ಇಟ್ಟುಕೊಳ್ಳಿ, ಮಡಕೆ ಒಡೆದಂತೆ ಬೊದ್ದು ಸದ್ದು ಬಂದರೆ ಬದಿಗಿಡಿ. ಬಿಳಿಯ ಸುದ್ದೆಮಣ್ಣಿನ ತೂತುಗಳು ಹೆಚ್ಚಾಗಿರುವ ಕಲ್ಲನ್ನು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಹೆಬ್ಬೆರಳಿಗೆ ಉದುರಿದರೆ ಅದು ಗೋಡೆಗೂ ಬೇಡ, ಬುನಾದಿಗೂ ಬೇಡ. ಕಲ್ಲಿಗೆ ಅಂಟಿದ ಹಳೆಯ ಗಾರೆಯನ್ನು ಪೂರ್ತಿ ಕೆತ್ತಿ ತೆಗೆಯಬೇಕು, ಇಲ್ಲವಾದರೆ ಹೊಸ ಗಾರೆ ಹಿಡಿಯುವುದಿಲ್ಲ. ಕೆತ್ತಿದ ಆ ಸುಣ್ಣದ ಪುಡಿಯನ್ನು ನೀರು ಹಾಕಿ ಕಲಸಿ ಮತ್ತೆ ಗಾರೆ ಮಾಡುತ್ತೇವೆಂದು ಹೊರಟವರುಂಟು. ಒಮ್ಮೆ ಗಟ್ಟಿಯಾದ ಸುಣ್ಣ ಮತ್ತೆ ಅಂಟುವುದಿಲ್ಲ. ಅದು ನೆಲ ತುಂಬಲು ಸರಿ. ಒಡೆದ ಮಂಗಳೂರು ಹೆಂಚಿನ ಚೂರುಗಳೂ ಹಾಗೆಯೇ. ನೆರೆಮನೆಯ ಕೆಲಸದಲ್ಲಿ ಉಳಿದ ಅರ್ಧ ಮೂಟೆ ಸಿಮೆಂಟನ್ನು ಒಂದು ಮಳೆಗಾಲ ಇಟ್ಟು ಗಂಟು ಕಟ್ಟಿದ ಮೇಲೆ ಬಳಸುವುದು ಉಳಿತಾಯವಲ್ಲ. ತುಕ್ಕು ಹಿಡಿದ ಕಬ್ಬಿಣದ ಸರಳು ಕಿಟಕಿಗೆ ಬಂದೀತು, ಭಾರ ಹೊರುವ ಜಾಗಕ್ಕೆ ಬಾರದು. ಹಳೆಯ ಮರದ ಕಂಬ ಎಷ್ಟೇ ಚೇಗಿನದಾದರೂ ಅದರ ಬುಡ ಮಣ್ಣಿಗೆ ತಾಗಕೂಡದು, ಕಲ್ಲಿನ ಮೇಲೆ ನಿಲ್ಲಬೇಕು. ನಮ್ಮ ಮಲೆನಾಡಿನ ಗೆದ್ದಲಿಗೆ ಹಳೆಯದು ಹೊಸದೆಂಬ ಭೇದವಿಲ್ಲ.

ಶ್ರೀಧರಸ್ವಾಮಿಗಳ ಆಶ್ರಮದಿಂದ ನಾಡಿಗೆಲ್ಲ ಪರಿಚಿತವಾಗಿರುವ ವರದಹಳ್ಳಿಯ ಕಡೆಯ ಒಂದು ಕುಟುಂಬ ಈ ವಿಚಾರವಾಗಿ ನಮ್ಮ ಮನಸ್ಸಿನಲ್ಲಿ ನಿಂತಿದೆ. ಹೆಸರು ಬೇಡ. ಕಿರಿಯ ಮಗನಿಗೆ ಯಂತ್ರ ರಿಪೇರಿಯ ಕೊಠಡಿ ಬೇಕಾಗಿತ್ತು. ಮನೆಯ ಹಿಂದೆ ಬಿದ್ದ ಹಳೆಯ ಅಂಕಣವಿತ್ತು. ಅಡಿಕೆ ಕೊಯ್ಲು ಸುಲಿತವೆಲ್ಲ ಮುಗಿದು ಶಿವರಾತ್ರಿ ಕಳೆದ ಮೇಲೆ ಕೈ ಹಾಕಿದರು. ಆ ಹೊತ್ತೇ ಸರಿ. ನಮ್ಮಲ್ಲಿ ಅದಕ್ಕಿಂತ ಮೊದಲು ಕೈ ಖಾಲಿ ಇರುವುದಿಲ್ಲ, ಮೇ ಮುಗಿದ ಮೇಲೆ ಆಕಾಶ ಬಿಡುವುದಿಲ್ಲ. ವಾಲಿದ ಗೋಡೆಯನ್ನು ಬುಡಕ್ಕೆ ಹಾರೆ ಹಾಕಿ ಉರುಳಿಸದೆ ಮೇಲಿನಿಂದ ಒಂದೊಂದೇ ವರಸೆ ಇಳಿಸಿದರು, ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಕೊಠಡಿಗೆ 12 ಅಡಿ ಅಗಲ, 16 ಅಡಿ ಉದ್ದವೆಂದು ಗೊತ್ತುಮಾಡಿದ್ದರು. ಮೂಲೆ ಸರಿ ಹಿಡಿಯಲು ಮನೆಯ ಅಜ್ಜ ಯಾವ ಉಪಕರಣವನ್ನೂ ಕೇಳಲಿಲ್ಲ. ಬಾವಿಯ ಹಗ್ಗ ತರಿಸಿ ಎದುರು ಮೂಲೆಯಿಂದ ಮೂಲೆಗೆ ಎಳೆಸಿದರು. ಎರಡು ಕಡೆಯೂ ಸರಿಯಾಗಿ 20 ಅಡಿ ಬಂದರೆ ನಾಲ್ಕು ಮೂಲೆಯೂ ನೆಟ್ಟಗಿವೆ ಎಂದರ್ಥ. ಮೊದಲ ಸಲ ಅಂಗೈ ಅಗಲ ವ್ಯತ್ಯಾಸ ಬಂತು, ಗೂಟ ಸರಿಸಿದರು. ಐಟಿಐಯಲ್ಲಿ ಲೆಕ್ಕ ಕಲಿತ ಮೊಮ್ಮಗ ಅದನ್ನು ಕಾಗದದ ಮೇಲೆ ಬರೆದು ತಾಳೆ ನೋಡಿ, ಸರಿ ಇದೆ ಎಂದ. ಅಜ್ಜ ನಕ್ಕರು.

ಅಡಿಪಾಯದ ಕಾಲುವೆಯನ್ನು ಎರಡೂವರೆ ಅಡಿ ತೋಡಿದಾಗ ಗಟ್ಟಿ ಗೊಚ್ಚು ಸಿಕ್ಕಿತು. ನೆಲದ ಮೇಲೆ ಎರಡು ಅಡಿ ಎತ್ತರ ಬೇಕೆಂದರು. ನಮ್ಮ ಮಳೆಯ ಇರಚಲಿಗೆ ಅದಕ್ಕಿಂತ ಕಡಿಮೆ ಸಾಲದು. ಈಗ ಲೆಕ್ಕ ಹಾಕಿ ನೋಡಿ. ಸುತ್ತಳತೆ 56 ಅಡಿ, ಅಗಲ ಒಂದೂವರೆ ಅಡಿ. ನೆಲದ ಕೆಳಗೆ 210 ಘನ ಅಡಿ ಕಟ್ಟಡ, ನೆಲದ ಮೇಲೆ 168 ಘನ ಅಡಿ. ಅಂದರೆ ಅಡಿಪಾಯದ ಅರ್ಧಕ್ಕಿಂತ ಹೆಚ್ಚು ಕಲ್ಲು, ಮಣ್ಣು ಮುಚ್ಚಿದ ದಿನದಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಕಲ್ಲು ಆರಿಸುವಾಗ ಜನ ಎರಡು ರಾಶಿ ಮಾಡುತ್ತಾರೆ. ಅಂಚು ಚೆನ್ನಾಗಿರುವ, ಬಣ್ಣ ಚೆನ್ನಾಗಿರುವ ಕಲ್ಲನ್ನು ಮೇಲಕ್ಕೆಂದು ಇಡುತ್ತಾರೆ. ಬೊದ್ದು ಕಲ್ಲು, ಸುದ್ದೆ ಕಲ್ಲು, ತುಂಡು ಕಲ್ಲುಗಳನ್ನೆಲ್ಲ ಮಣ್ಣಿನೊಳಗೆ ಹೋಗುವುದಲ್ಲವೇ ಎಂದು ಕೆಳಕ್ಕೆ ಸುರಿಯುತ್ತಾರೆ. ಕೂಲಿಯವರಷ್ಟೇ ಹೀಗೆ ಮಾಡುತ್ತಾರೆಂದು ತಿಳಿಯಬೇಡಿ, ಮನೆಯವರೇ ಮಾಡುತ್ತಾರೆ. ಇದು ತಲೆಕೆಳಗಾದ ನಡೆ. ವರ್ಷಕ್ಕೆ ನಾಲ್ಕು ತಿಂಗಳು ತೇವದಲ್ಲಿ ನಿಂತು ಮೇಲಿನದನ್ನೆಲ್ಲ ಹೊರುವ ಕಲ್ಲು ಕೆಳಗಿನದು. ಮೇಲಿನ ಕಲ್ಲು ಕೆಟ್ಟರೆ ಕಿತ್ತು ಬೇರೆ ಕೂರಿಸಬಹುದು. ಕೆಳಗಿನದು ಕೆಟ್ಟರೆ ಕೊಠಡಿಯನ್ನೇ ಬಿಚ್ಚಬೇಕು. ವರದಹಳ್ಳಿಯ ಆ ಮನೆಯಲ್ಲಿ ಅಜ್ಜ ಕಾಲುವೆಯ ಅಂಚಿನಲ್ಲಿ ಕುಳಿತು, ಒಳಗಿಳಿಯುವ ಒಂದೊಂದು ಕಲ್ಲನ್ನೂ ತಟ್ಟಿ ಕಳಿಸಿದರು. ಬೇಡವೆಂದು ಬದಿಗಿಟ್ಟ ಕಲ್ಲುಗಳ ರಾಶಿ ದೊಡ್ಡದಾಯಿತು. ಮಗನಿಗೆ ಹೊಟ್ಟೆಯುರಿ. ಕಡೆಗೆ ಒಂದು ಸಣ್ಣ ಲಾರಿ ಹೊಸ ಕಲ್ಲು ತರಿಸಬೇಕಾಯಿತು. ಅಷ್ಟನ್ನೂ ಕೆಳಗೇ ಹಾಕಿದರು. ಹಳೆಯ ಮನೆಯ ಅಂಗಳದ ಕರಿಕಲ್ಲಿನ ಚಪ್ಪಡಿಗಳು ಹೊಸಿಲಿಗೂ ಮೆಟ್ಟಿಲಿಗೂ ಆದವು. ಅಡಿಪಾಯದ ತಲೆಯ ಮೇಲೆ ಒಂದೂವರೆ ಅಂಗುಲ ಸಿಮೆಂಟ್ ಕಾಂಕ್ರೀಟಿನ ಪದರ ಹಾಕಿದರು. ಜಂಬಿಟ್ಟಿಗೆ ನೀರು ಹೀರುವ ಕಲ್ಲು, ಆ ಪದರವಿಲ್ಲದಿದ್ದರೆ ತೇವ ಗೋಡೆ ಹತ್ತುತ್ತದೆ. ಆ ಖರ್ಚು ತಪ್ಪಿಸಬಾರದು.

ಯಂತ್ರ ಇಡುವವರಿಗೆ ಇನ್ನೊಂದು ಮಾತು. ನಡುಗುವ ಯಂತ್ರದ ಕಟ್ಟೆಯನ್ನು ಗೋಡೆಯ ಅಡಿಪಾಯಕ್ಕೆ ಸೇರಿಸಿ ಕಟ್ಟಬೇಡಿ. ಅದಕ್ಕೆ ಬೇರೆಯೇ ಗುಂಡಿ, ಬೇರೆಯೇ ಕಾಂಕ್ರೀಟು. ನಡುವೆ ಮೂರು ನಾಲ್ಕು ಅಂಗುಲ ಸಂದು ಬಿಟ್ಟು ಮರಳು ತುಂಬಿಸಿ. ಇಲ್ಲವಾದರೆ ಯಂತ್ರದ ನಡುಕ ಗೋಡೆಗೆ ಹೋಗಿ ಮೊದಲ ವರ್ಷವೇ ಬಿರುಕು ಕಾಣುತ್ತದೆ. ಒಳಗಿನ ಮಣ್ಣನ್ನು ಒಮ್ಮೆಲೇ ಸುರಿದು ತುಳಿಯುವುದೂ ಬೇಡ. ಅರ್ಧ ಅಡಿ ತುಂಬಿ, ನೀರು ಚಿಮುಕಿಸಿ, ದಮ್ಮಸು ಹೊಡೆದು, ಮತ್ತೆ ಅರ್ಧ ಅಡಿ. ಇದು ಬೇಸರದ ಕೆಲಸ. ಕೂಲಿ ಕೊಟ್ಟು ಮಾಡಿಸಿದರೆ ಇದೇ ಮೊದಲು ತಪ್ಪಿಹೋಗುವುದು; ಮನೆಯವರು ಮಾಡಿದರೆ ಉಳಿಯುವುದು.

ಮನೆಯವರ ದುಡಿಮೆಯೆಂದ ಕೂಡಲೇ ಅದು ಪುಕ್ಕಟೆಯೆಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ಇದರಿಂದ ಆಗಿರುವ ಮನಸ್ತಾಪಗಳನ್ನು ನಾವು ಬಹಳ ಕೇಳಿದ್ದೇವೆ. ಅಣ್ಣ ಎರಡು ತಿಂಗಳು ಕಲ್ಲು ಹೊತ್ತ. ಹತ್ತು ವರ್ಷದ ಮೇಲೆ ಹಿಸ್ಸೆಯಾಗುವಾಗ ಕೊಠಡಿ ತಮ್ಮನದೆಂದು ಕಾಗದವಾಯಿತು. ಅತ್ತಿಗೆ ಮೂರು ಹೊತ್ತು ಅಡುಗೆ ಮಾಡಿ, ನಡುವೆ ಗಾರೆಗೆ ನೀರು ಹೊತ್ತು, ಕಟ್ಟಿದ ಕಟ್ಟೆಗೆ ಹತ್ತು ದಿನ ಬೆಳಿಗ್ಗೆ ಸಂಜೆ ನೀರುಣಿಸಿದಳು. ಅವಳ ಹೆಸರು ಯಾವ ಲೆಕ್ಕದಲ್ಲಿಯೂ ಬರಲಿಲ್ಲ. ಕೊಠಡಿಯ ಗೋಡೆ ನಿಂತಿದೆ, ಅಣ್ಣತಮ್ಮಂದಿರ ಮಾತು ನಿಂತುಹೋಗಿದೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯಲ್ಲಿ ಈ ತೊಡಕು ಇರಲಿಲ್ಲ. ನೀನು ನನ್ನ ಗದ್ದೆಗೆ ಎರಡು ದಿನ ಬಂದರೆ ನಾನು ನಿನ್ನ ಗದ್ದೆಗೆ ಎರಡು ದಿನ ಬರಬೇಕು. ಬಾಯಿಲೆಕ್ಕವಾದರೂ ಲೆಕ್ಕ ಲೆಕ್ಕವೇ. ನೆರೆಯವನಿಗೆ ಇಟ್ಟ ಲೆಕ್ಕವನ್ನು ಒಡಹುಟ್ಟಿದವನಿಗೆ ಇಡಬಾರದೆಂದು ಯಾವ ಶಾಸ್ತ್ರ ಹೇಳಿದೆ? ಗಂಡ ಆಯ್ದು ತಂದ ಅಕ್ಕಿ ಆ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚಾಯಿತೆಂದು ಮರಳಿ ಸುರಿದು ಬರಲು ಕಳಿಸಿದ ಆಯ್ದಕ್ಕಿ ಲಕ್ಕಮ್ಮನಿಗೆ ಹಿಡಿ ಅಕ್ಕಿಯ ಲೆಕ್ಕವೂ ಗೊತ್ತಿತ್ತು. ಲೆಕ್ಕ ಇಡುವುದು ಸಣ್ಣತನವಲ್ಲ. ಒಂದು ನೋಟ್ ಪುಸ್ತಕ ಇಟ್ಟು ಯಾರು ಎಷ್ಟು ದಿನ ದುಡಿದರು, ಯಾರ ಪಾಲಿನ ತೊಲೆ ಬಂತು ಎಂಬುದನ್ನು ಅಂದಂದೇ ಬರೆಯಿರಿ, ಹೆಂಗಸರ ಹೆಸರೂ ಇರಲಿ. ಬಿದ್ದ ಮನೆ ಅವಿಭಕ್ತ ಕುಟುಂಬದ್ದಾದರೆ ಅದರ ಕಲ್ಲಿಗೆ ಹೊರಗಿರುವ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಬಾಧ್ಯರು. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. ಕೆಡಹುವ ಮೊದಲು ಒಂದು ಮಾತು ಕೇಳಿ, ಒಪ್ಪಿಗೆ ಬರೆಸಿಕೊಳ್ಳಿ. ಮಕ್ಕಳ ಸಹಾಯ ಬೇಕಾದರೆ ರಜೆಯಲ್ಲಿ ಹೆಂಚಿನ ಚೂರು ಆರಿಸಲಿ. ಶಾಲೆ ತಪ್ಪಿಸಿ ಕಲ್ಲು ಹೊರಿಸುವ ಕೊಠಡಿಯಲ್ಲಿ ಕಾಯಕ ನೆಲೆಸದು.

ನೆಲ ಯಾರದೆಂಬುದನ್ನು ಕಲ್ಲು ಆರಿಸುವುದಕ್ಕಿಂತ ಮೊದಲೇ ನೋಡಬೇಕು. ಶರಾವತಿಯ ಸಂತ್ರಸ್ತರಲ್ಲಿ ಅನೇಕರಿಗೆ ತೋರಿಸಿದ ಭೂಮಿಯ ಹಕ್ಕುಪತ್ರದ ಪ್ರಶ್ನೆ ದಶಕಗಳ ಕಾಲ ಬಗೆಹರಿಯದೆ ಉಳಿಯಿತು. ಅವರು ಗಟ್ಟಿಯಾಗಿ ಕಟ್ಟಿದ್ದರು, ಕಾಗದ ಗಟ್ಟಿಯಿರಲಿಲ್ಲ. ಅದು ಅವರ ತಪ್ಪೂ ಅಲ್ಲ. ಆ ಸಂಕಟವನ್ನು ಕಂಡ ಮೇಲೂ ಅರಣ್ಯದ ಅಂಚಿನಲ್ಲಿ ನಾಲ್ಕು ಅಡಿ ಒಳಗೆ ಸರಿದು ಬುನಾದಿ ಹಾಕುವುದು ಬೇಡ. ಪಹಣಿ ನೋಡಿ, ಪಂಚಾಯಿತಿಯ ಪರವಾನಗಿ ಪಡೆದು ಗೂಟ ಹೊಡೆಯಿರಿ.

ಹಾಗೆಯೇ ಹಳೆಯ ಕಲ್ಲೆಂದು ಕಂಡ ಕಲ್ಲಿಗೆಲ್ಲ ಕೈ ಹಾಕಬಾರದು. ಕೆಳದಿ, ಇಕ್ಕೇರಿ, ಬಿದನೂರು, ಕವಲೇದುರ್ಗ ಇವು ಕೆಳದಿಯ ಅರಸರು ಆಳಿದ ನೆಲ. ಕೋಟೆಯ ಕಲ್ಲು, ಪಾಳು ಗುಡಿಯ ಕಲ್ಲು ಕಾಡಿನಲ್ಲಿ ಬಿದ್ದಿರುವುದರಿಂದ ಯಾರದೂ ಅಲ್ಲವೆಂದು ತಿಳಿಯುವುದು ತಪ್ಪು, ಅದು ಎಲ್ಲರದು. ನಮ್ಮ ನಾಡಿನಲ್ಲಿ ವೀರಗಲ್ಲು, ಮಾಸ್ತಿಕಲ್ಲು, ಶಾಸನದ ಕಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿ, ಹಳ್ಳ ದಾಟುವ ಸಂಕವಾಗಿ ಸವೆದುಹೋಗಿರುವುದುಂಟು. ನಿಮ್ಮ ಹಳೆಯ ಗೋಡೆ ಬಿಚ್ಚುವಾಗ ಅಕ್ಷರವಿರುವ ಕಲ್ಲೋ ಕುದುರೆ ಸವಾರನಿರುವ ಕಲ್ಲೋ ಸಿಕ್ಕರೆ ಅದನ್ನು ಬುನಾದಿಗೆ ಇಳಿಸದೆ ಬದಿಗಿಡಿ. ಕೆಳದಿಯಲ್ಲಿ ವಸ್ತುಸಂಗ್ರಹಾಲಯವಿದೆ, ಓದಬಲ್ಲವರಿದ್ದಾರೆ, ತಿಳಿಸಿ. ಒಂದು ಕಲ್ಲಿಗೆ ಇನ್ನೊಂದು ಕಲ್ಲು ಸಿಗುತ್ತದೆ, ಅದರ ಮೇಲಿನ ಬರಹ ಸಿಗುವುದಿಲ್ಲ.

ಹಿನ್ನೀರಿನ ಆಚೆಯ ತುಮರಿ ಸೀಮೆಯವರಿಗೆ ನಮ್ಮ ಮಾತು ಹೊಸದೆನಿಸಲಾರದು. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ತೆರೆಯುವವರೆಗೆ ಅವರ ಒಂದೊಂದು ಮೂಟೆ ಸಿಮೆಂಟೂ ಲಾಂಚ್ ಏರಿ, ಇಲ್ಲವೇ ಬಹುದೂರ ಸುತ್ತಿ ಬರಬೇಕಾಗಿತ್ತು. ಇದ್ದುದರಲ್ಲಿ ಕಟ್ಟುವ ವಿದ್ಯೆ ಅಲ್ಲಿಯ ಹಿರಿಯರಲ್ಲಿ ಇನ್ನೂ ಇದೆ. ಈಗ ಲಾರಿ ನೇರ ಹೋಗುತ್ತದೆ, ಒಳ್ಳೆಯದೇ ಆಯಿತು. ಆ ವಿದ್ಯೆಯನ್ನು ಅವರ ಮೊಮ್ಮಕ್ಕಳು ಲಾರಿಯ ಹಿಂದೆ ಕಳಿಸಿಬಿಡದಿರಲಿ ಎಂದು ನಮ್ಮ ಆಸೆ.

ವರದಹಳ್ಳಿಯ ಆ ಕುಟುಂಬದವರು ಮೇ ತಿಂಗಳ ಕೊನೆಗೆ ಗೋಡೆ ಎಬ್ಬಿಸಬಹುದಾಗಿತ್ತು. ಮಗನಿಗೆ ಅವಸರವಿತ್ತು. ಅಜ್ಜ ಒಪ್ಪಲಿಲ್ಲ, ತುಂಬಿದ ಮಣ್ಣು ಒಂದು ಮಳೆಗಾಲ ಕುಡಿದು ಕೂರಲಿ, ಇಳಿಯುವುದಿದ್ದರೆ ಈಗಲೇ ಇಳಿಯಲಿ ಎಂದರು. ಅಡಿಪಾಯದ ತಲೆಗೆ ಅಡಿಕೆ ಸೋಗೆ ಹೊದಿಸಿ, ನೀರು ನಿಲ್ಲದಂತೆ ಸುತ್ತ ಒಂದು ಚರಂಡಿ ತೆಗೆದು ತೋಟದ ಕಡೆಗೆ ತಿರುಗಿಸಿದ್ದಾರೆ. ದೀಪಾವಳಿ ಕಳೆದ ಮೇಲೆ ಸೋಗೆ ತೆಗೆದು, ಮಣ್ಣು ಎಲ್ಲಿ ಎಷ್ಟು ಇಳಿದಿದೆಯೆಂದು ಹಗ್ಗ ಹಿಡಿದು ನೋಡಿ, ಆಮೇಲೆ ಗೋಡೆಯ ಮೊದಲ ವರಸೆ ಇಡುತ್ತಾರಂತೆ. ರಿಪೇರಿಗೆಂದು ನೆರೆಯವರು ಆಗಲೇ ತಂದಿಟ್ಟ ಎರಡು ಪಂಪುಗಳು ಸದ್ಯಕ್ಕೆ ಜಗಲಿಯ ಮೇಲಿವೆ.